ಹಳಿ ಕಿತ್ತವರ ಮನೆ

ಇದು ನಡೆದದ್ದು, ನಡೆದ ಹಾಗೆಯೇ ಹೇಳುತ್ತಿದ್ದೇನೆ. ಸುಳ್ಳು ಸೇರಿಸಿದ್ದರೆ ನಾನು ಇನ್ನು ಮುಂದೆ ತಿನ್ನುವ ಪ್ರತಿ ತುತ್ತು ಬೀನ್ಸಿನಲ್ಲೂ ಕಲ್ಲು ಸಿಗಲಿ, ಬಾಯಲ್ಲಿ ಉಳಿದಿರುವ ಹಲ್ಲೂ ಅದರ ಜೊತೆಗೇ ಉದುರಲಿ. ಗ್ವಾದಲುಪೆಯ ಮೇರಿಯಮ್ಮ ಮೇಲಿನಿಂದ ನೋಡುತ್ತಿದ್ದಾಳೆ. ಅವಳೆದುರು ನಾನು ಹೆಚ್ಚೆಂದರೆ ಒಂದು ಚಿಟಿಕೆ ಖಾರ ಹಾಕಿಯೇನು, ಅಷ್ಟೆ.

"ಏನ್ಲಾ ನೋಡ್ತಾ ನಿಂತಿದ್ದೀಯ, ಬೋಳಿಮಗನೆ? ಹಳಿ ಏನು ನಿನ್ ಹೆಂಡ್ತಿ ಸೊಂಟವಾ, ಹಂಗ್ ಕಣ್ ಬಿಟ್ಕಂಡು ನೋಡಕೆ? ಹಾಕ್ಲಾ ಹಾರೆಯ!"

ಬೈದವನು ರೈಲು ಹಳಿ ಗ್ಯಾಂಗಿನ ಮೇಸ್ತ್ರಿ ಹ್ಯಾಗರ್ಟಿ. ಬೈಸಿಕೊಂಡವನು ನಿಕಾನೋರ್, ಗ್ಯಾಂಗಿನಲ್ಲೆಲ್ಲ ಹಿರಿಯ. ಅವನು ಹಾರೆಯನ್ನು ನೆಲಕ್ಕೆ ಊರಿ, ದೊಡ್ಡ ಹಳಿಯಿಂದ ಒಳಹಳಿ ಕವಲೊಡೆಯುವ ಜಾಗದಲ್ಲಿ ನಿಂತಿದ್ದ. ಆ ಒಳಹಳಿಯ ತುದಿಯಲ್ಲಿ ಹಳೆಯ ಗೂಡ್ಸ್ ಡಬ್ಬಿಗಳ ಸಾಲು. ಡಬ್ಬಿಗಳಿಗೆ ಕಿಟಕಿ, ಕಿಟಕಿಗಳಿಗೆ ಪರದೆ, ಮೇಲೆ ತಗಡಿನ ಹೊಗೆಕೊಳವೆ, ಬಾಗಿಲ ಬಳಿ ಹಂದಿ ಕೊಬ್ಬಿನ ಡಬ್ಬದಲ್ಲಿ ನೆಟ್ಟ ಹೂಗಿಡ. ಅವೇ ಗ್ಯಾಂಗಿನವರ ಮನೆಗಳು. ಕೆಳಗೆ ಗಾಲಿ ಇನ್ನೂ ಇದ್ದವು. ಗಾಲಿಗಳ ನಡುವೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

"ಕೊಂಪಾದ್ರೆ," ಎಂದ ನಿಕಾನೋರ್ ದನಿ ತಗ್ಗಿಸಿ, "ಕವಲು ಕಿತ್ಬುಟ್ರೆ ನಮ್ ಡಬ್ಬಿಗಳು ಆಚೆ ಹೋಗೋದ್ ಹೆಂಗೆ?"

ಹ್ಯಾಗರ್ಟಿ ಆಚೆ ಈಚೆ ನೋಡಿ ಹತ್ತಿರ ಬಂದ. ಬೈಗುಳ ಎಲ್ಲರಿಗೆ ಕೇಳುವಂತೆ ಹೇಳಿದ್ದವನು ಈಗ ಕಿವಿಯಲ್ಲಿ ಹೇಳಿದ. "ಕ್ರೇನ್ ಬತ್ತದೆ ಕಣಯ್ಯ. ನಿಮ್ ಮನೆಗಳ್ನ ಹೂವ ಎತ್ದಂಗೆ ಎತ್ತಿ ಬೋಳು ಬಂಡಿ ಮ್ಯಾಲ್ ಮಡಗಿ ಹೊಸ ಊರ್ಗೆ ತಕಂಡೋಯ್ತೀನಿ. ನಿಂಗೆ ನಾನು ಸುಳ್ಳೇಳ್ತೀನಾ, ಕೊಂಪಾದ್ರೆ?"

ಊಟ ತಂದಿದ್ದ ನಿಕಾನೋರನ ಹೆಂಡತಿ ದೊಮಿತಿಲಾ ಅಲ್ಲೇ ನಿಂತು ಕೇಳಿಸಿಕೊಂಡಳು. ಯುದ್ಧದ ವರ್ಷಗಳಲ್ಲಿ ಗಂಡಸರು ಸಾಲದೆ ಬಂದಾಗ ಕಂಪನಿ ಹೆಂಗಸರ ಕೈಗೂ ಹಾರೆ ಕೊಟ್ಟಿತ್ತು. ಗಂಡಸರು ಮರಳಿದ ಮೇಲೆ ಕೆಲಸ ಕಿತ್ತುಕೊಂಡಿತು, ಆದರೆ ತೋಳು ಅವಳಲ್ಲೇ ಉಳಿಯಿತು. ಗಂಟಲೂ ಉಳಿಯಿತು. ಅವಳು ಕೋಳಿ ಕರೆದರೆ ಬೆಟ್ಟದಾಚೆ ಗೂಡ್ಸು ನಿಲ್ಲುತ್ತಿತ್ತು.

"ಅಲ್ಲ ಕಣಯ್ಯೋ," ಎಂದಳು ಗಂಡನಿಗೆ, "ಹಳಿ ಕೀಳೋರು ಯಾವತ್ತಾದ್ರೂ ಬಾಗ್ಲಿಂದ ಸುರು ಮಾಡ್ತಾರಾ? ತುದೀಲಿ ಸುರು ಮಾಡಿ, ಡಬ್ಬಿಗಳ್ನ ಮುಂದೆ ತಳ್ಕಂಡು ಆಚೆಗೆ ಬರ್ತಾರೆ. ಮನೇಲ್ ಕುಂತ್ಕಂಡು ನೀನೇ ಬಾಗ್ಲಿಗೆ ಗೋಡೆ ಕಟ್ತಿದ್ದೀಯಲ್ಲ, ಮುಂಡೇದೆ!"

"ಸುಮ್ಕಿರು. ಅವ್ನು ಕೊಂಪಾದ್ರೆ."

ಅಷ್ಟೇ ಅಂದ. ಹಾರೆ ಹಾಕಿದ. ಮೊಳೆಗಳು ಒಂದೊಂದೇ ಕಿರುಚಿಕೊಂಡು ಮೇಲೆ ಬಂದವು.

ಈ ಊರಿನ ಹೆಸರು ಕಂಪನಿಯ ಹಲಗೆಯಲ್ಲಿ ಹಾರ್ಕಿನ್ ಟ್ಯಾಂಕ್. ಮೆಕ್ಸಿಕೋದಿಂದ ಬಂದ ನಮ್ಮವರ ಬಾಯಲ್ಲಿ ಎಲ್ ತಾಂಕೆ, ಅಂದರೆ ನೀರಿನ ತೊಟ್ಟಿ. ಅಲ್ಲಿ ಊರು ಇರುವುದಕ್ಕೆ ಇದ್ದದ್ದು ಒಂದೇ ಕಾರಣ: ಉಗಿ ಎಂಜಿನ್ನಿಗೆ ಅಲ್ಲಿಗೆ ಬರುವಷ್ಟರಲ್ಲಿ ಬಾಯಾರುತ್ತಿತ್ತು. ನೆವಾಡಾದ ಆ ಉಪ್ಪು ಬಯಲಿನಲ್ಲಿ ಯಾರಿಗೆ ಬಾಯಾರುವುದಿಲ್ಲ ಹೇಳಿ. ಬೇಸಿಗೆಯಲ್ಲಿ ಹಳಿ ಕಾದು ಹಿಗ್ಗಿ, ಬೆಳಿಗ್ಗೆ ಊರೊಳಗೆ ನಿಲ್ಲಿಸಿದ್ದ ಡಬ್ಬಿ ಸಂಜೆಗೆ ಊರಾಚೆ ನಿಂತಿರುತ್ತಿತ್ತು, ಯಾರೂ ಎಳೆಯದೆ. ಗುಡ್ಡದ ಒರತೆಯಿಂದ ಕೊಳವೆ ಹೂತು ನೀರು ತಂದವರು ನಮ್ಮ ಗ್ಯಾಂಗಿನ ಅಪ್ಪಂದಿರು. ನೀರು ಎತ್ತರದ ಮರದ ತೊಟ್ಟಿಗೆ ಏರುತ್ತಿತ್ತು. ತೊಟ್ಟಿಯ ಕೆಳಗೆ ಎಂಜಿನ್ ನಿಂತು ಗಟಗಟ ಕುಡಿಯುತ್ತಿತ್ತು. ಅದು ಕುಡಿದು ಮುಗಿಸುವವರೆಗೆ ಪ್ರಯಾಣಿಕರು ಕೆಳಗಿಳಿದು ಕಾಲು ಬಿಡಿಸಿಕೊಳ್ಳುತ್ತಿದ್ದರು. ಇಡೀ ಊರು ಅನ್ನ ತಿಂದದ್ದು ಆ ಒಂದಿಷ್ಟು ಹೊತ್ತಿನಲ್ಲಿ. ಅಷ್ಟರೊಳಗೆ ಅವರಿಗೆ ಹುರಿದ ಕೋಳಿ ಮಾರಬೇಕು, ವಿಸ್ಕಿ ಕುಡಿಸಬೇಕು, ಗಡ್ಡ ಹೆರೆಯಬೇಕು. ಹಲ್ಲು ಕೀಳುವ ಡಾಕ್ಟರನೊಬ್ಬ ಪ್ಲಾಟ್‌ಫಾರಂ ಮೇಲೇ ಕುರ್ಚಿ ಹಾಕಿದ್ದ. ಸೀಟಿ ಸ್ವಲ್ಪ ಮುಂಚೆ ಊದಿತೆಂದರೆ ಪ್ರಯಾಣಿಕ ಬಾಯಲ್ಲಿ ಇಕ್ಕಳ ಸಮೇತ ರೈಲು ಹತ್ತುತ್ತಿದ್ದ. ಇಕ್ಕಳ ಮರುದಿನ ಎದುರು ಗಾಡಿಯಲ್ಲಿ ವಾಪಸು ಬರುತ್ತಿತ್ತು, ಕೆಲವು ಸಲ ಹಲ್ಲಿನೊಂದಿಗೆ.

ಹಳಿಯ ಆಚೆ ಕಡೆ ಬಿಳಿಯರ ಬೀದಿ, ಈಚೆ ಕಡೆ ನಮ್ಮ ಡಬ್ಬಿಗಳು. ಕೊಳವೆಯ ನೀರು ಆ ಕಡೆಗೆ. ಈ ಕಡೆಗೆ ತೊಟ್ಟಿಯ ಹಲಗೆಗಳ ಸಂದಿಯಿಂದ ಸೋರಿದಷ್ಟು. ಹೋಟೆಲಿನ ಬಾಗಿಲಿಗೆ ‘ನಾಯಿಗಳಿಗೂ ಮೆಕ್ಸಿಕನ್ನರಿಗೂ ಪ್ರವೇಶವಿಲ್ಲ’ ಎಂದು ಹಲಗೆ ಹಾಕಿದ್ದರು. ನಾಯಿಗಳಿಗೆ ಓದು ಬಾರದು, ಹಾಗಾಗಿ ಅವು ಒಳಗೆ ಹೋಗಿ ಬರುತ್ತಿದ್ದವು.

ಆಮೇಲೆ ನೀರು ಕುಡಿಯದ ಎಂಜಿನ್ ಬಂತು. ಮೊದಲನೆಯ ಡೀಸೆಲ್ ಬಂದ ದಿನ ತೊಟ್ಟಿಯವನು ನೀರಿನ ಸೊಂಡಿಲಿನ ಹಗ್ಗ ಹಿಡಿದು ತಯಾರಾಗಿ ನಿಂತಿದ್ದ. ಅದು ಕೋಣದ ಹಾಗೆ ಕೂಗಿಕೊಂಡು ಬಂದು, ನಿಲ್ಲದೆ, ಅವನ ಟೋಪಿಯನ್ನು ಹಾರಿಸಿಕೊಂಡು ಹೋಯಿತು. ಆ ದಿನ ಹೋಟೆಲಿನಲ್ಲಿ ಕೋಳಿ ಉಳಿಯಿತು. ವಾರ ಕಳೆದ ಮೇಲೆ ಕೋಳಿ ಕೊಯ್ಯುವುದನ್ನೇ ನಿಲ್ಲಿಸಿದರು. ವರ್ಷ ತುಂಬುವುದರೊಳಗೆ ಕಂಪನಿ ಪೂರ್ವಕ್ಕೆ ಅರ್ಧ ದಿನದ ದಾರಿಯಲ್ಲಿ ಹೊಸ ಊರು ಕಟ್ಟಿ, ಆಚೆ ಬೀದಿಯವರಿಗೆಲ್ಲ ಅಲ್ಲಿ ನಿವೇಶನ ಹಂಚಿತು. ಅವರ ಹೋಟೆಲನ್ನೂ ಚರ್ಚನ್ನೂ ಜಾಕಿ ಹಾಕಿ ಎತ್ತಿ, ಬುಡಸಮೇತ ಬಂಡಿಗೆ ಏರಿಸಿ ಕಳಿಸಿದವರು ನಮ್ಮವರೇ. ಹೋಟೆಲು ಹೊರಡುವಾಗ ಮೇಲಿನ ಕೋಣೆಯಲ್ಲಿ ಒಬ್ಬ ಮಲಗಿದ್ದನಂತೆ, ಎದ್ದಾಗ ಬೇರೆ ಊರು.

ಅವರೆಲ್ಲ ಹೋದ ಮೇಲೆ ನಮ್ಮ ಸರದಿ ಎಂದು ಹ್ಯಾಗರ್ಟಿ ಹೇಳಿದ್ದ. ಅವನ ಮಾತನ್ನು ಯಾಕೆ ನಂಬಿದರು ಎನ್ನುತ್ತೀರಾ?

ಹ್ಯಾಗರ್ಟಿ ಈ ಊರಿಗೆ ಬಂದಾಗ ಒಂಟಿ. ಬಾಟಲಿಯೊಂದೇ ಸಂಸಾರ. ದೊಮಿತಿಲಾಳ ತೋರ್ತಿಯಾ ರೊಟ್ಟಿಯ ವಾಸನೆಗೆ ಒಂದು ದಿನ ಡಬ್ಬಿಯ ಬಾಗಿಲಲ್ಲಿ ನಿಂತ, ಮರುದಿನ ಒಳಗೆ ಕೂತ. ಅವಳಿಗೆ ಮಗಳು ಹುಟ್ಟಿದಾಗ ಜ್ಞಾನಸ್ನಾನಕ್ಕೆ ಪಾದ್ರಿಯ ಮುಂದೆ ಮಗುವನ್ನು ಎತ್ತಿ ಹಿಡಿದವನು ಅವನೇ. ಹಾಗೆ ಎತ್ತಿ ಹಿಡಿದವನು ಮಗುವಿನ ಅಪ್ಪನಿಗೆ ಕೊಂಪಾದ್ರೆ ಆಗುತ್ತಾನೆ, ಅಮ್ಮನಿಗೂ ಅಷ್ಟೇ. ಒಡಹುಟ್ಟಿದವನೊಂದಿಗೆ ಜಗಳ ಆಡಬಹುದು. ಕೊಂಪಾದ್ರೆಯೊಂದಿಗೆ ಆಡುವಂತಿಲ್ಲ, ಅವನ ಮಾತಿಗೆ ಸಾಕ್ಷಿ ಕೇಳುವಂತಿಲ್ಲ. ಮಗು ಎರಡನೆಯ ಚಳಿಗಾಲಕ್ಕೆ ಜ್ವರದಲ್ಲಿ ಹೋಯಿತು. ಸಣ್ಣ ಪೆಟ್ಟಿಗೆಯನ್ನು ಹ್ಯಾಗರ್ಟಿ ತನ್ನ ಹೆಗಲ ಮೇಲೆಯೇ ಹೊತ್ತು ಗುಡ್ಡ ಹತ್ತಿದ, ಯಾರಿಗೂ ಬದಲು ಕೊಡಲಿಲ್ಲ. ಮಗು ಹೋದರೂ ನಂಟು ಹೋಗುವುದಿಲ್ಲ, ನಮ್ಮಲ್ಲಿ ಹಾಗೆ. ಹ್ಯಾಗರ್ಟಿಯ ಊರಿನಲ್ಲಿ ಹೇಗೋ, ಯಾರೂ ಕೇಳಿರಲಿಲ್ಲ.

ಕವಲು ಕಿತ್ತರು. ಅದರಿಂದಾಚೆಗಿನ ಹಳಿ ಕಿತ್ತರು. ಡಬ್ಬಿಗಳ ಕೆಳಗಿನಷ್ಟು ಮಾತ್ರ ಉಳಿದು, ಮನೆಗಳು ಜಲ್ಲಿಯ ಮಧ್ಯೆ ದಡ ಕಾಣದ ದೋಣಿಗಳಂತೆ ನಿಂತವು. ದೊಮಿತಿಲಾ ದಿನವೂ ತಟ್ಟೆ ಲೋಟಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟುತ್ತಿದ್ದಳು, ಅಡುಗೆಗೆ ಬೇಕೆಂದು ಮತ್ತೆ ಬಿಚ್ಚುತ್ತಿದ್ದಳು. ಕ್ರೇನಿನ ಬದಲು ಒಂದು ಮಧ್ಯಾಹ್ನ ಕಂಪನಿಯ ದೊಡ್ಡ ಸಾಹೇಬ ವಿಟ್ಲಾಕನ ಸಲೂನ್ ಬೋಗಿ ಬಂತು.

ಸಲೂನೆಂದರೆ ಸಾಹೇಬನ ಓಡಾಡುವ ಬಂಗಲೆ. ಒಳಗೆ ಮಂಚ, ಮೇಜು, ಬೆಳ್ಳಿ ಚಮಚ, ಅಡುಗೆಯವನು. ಪ್ಯಾಸೆಂಜರ್ ಗಾಡಿ ಅದನ್ನು ತೊಟ್ಟಿಯ ಪಕ್ಕದ ಹಳಿಯಲ್ಲಿ ಬಿಟ್ಟು ಮುಂದೆ ಹೋಯಿತು. ಸಂಜೆ ಎದುರು ಗಾಡಿ ಬಂದು ಎಳೆದುಕೊಂಡು ಹೋಗಬೇಕು. ಊರಿನಲ್ಲಿ ಇನ್ನೂ ಕೀಳದೆ ಉಳಿದಿದ್ದ ಒಳಹಳಿ ಅದೊಂದೇ.

ವಿಟ್ಲಾಕ್ ಕೈಯಲ್ಲೊಂದು ಕೋಲು ಹಿಡಿದು, ಹಿಂದೆ ಹ್ಯಾಗರ್ಟಿಯನ್ನು ಇಟ್ಟುಕೊಂಡು, ದೊಮಿತಿಲಾಳ ಮನೆಗೆ ಬೂಟುಗಾಲಲ್ಲೇ ಹತ್ತಿದ. ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ಅವನು ಅವಳ ಕಡೆ ನೋಡಲಿಲ್ಲ. ಕೋಲಿನಿಂದ ಗೋಡೆ ತಟ್ಟಿದ, ಮೂಲೆಯ ಪಟ್ಟಿ ತಟ್ಟಿದ, ಅಮ್ಮನವರ ಪಟದ ಕೆಳಗಿನ ಕಬ್ಬಿಣದ ಕೊಂಡಿಯನ್ನೂ ತಟ್ಟಿದ. ದೀಪ ಉರುಳಿ ಆರಿತು.

"ಒಳ್ಳೆ ಕಬ್ಬಿಣ ಇದೆ ಹ್ಯಾಗರ್ಟಿ. ಬಿಚ್ಚೋಕೆ ಕೂತ್ರೆ ಕೂಲಿ ದಂಡ. ಮರ ಸುಟ್ಟುಬಿಡಿ. ಬೂದಿ ಆರಿದ್ ಮೇಲೆ ಕಬ್ಬಿಣ ಆರಿಸ್ಕೊಂಡ್ರಾಯ್ತು. ನಾಳೆ ಸೀಮೆಎಣ್ಣೆ ಬರುತ್ತೆ."

"ಸಾಹೇಬ್ರೆ," ಎಂದಳು ದೊಮಿತಿಲಾ, "ಒಳಗೆ ನಾವಿದೀವಿ."

"ಸುಡೋಕೆ ಮುಂಚೆ ಇಳೀರಿ."

ನಿಕಾನೋರ್ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಸಾಹೇಬನನ್ನು ದಾಟಿ ಹ್ಯಾಗರ್ಟಿಯ ಮುಖ ನೋಡಿದ. "ಕೊಂಪಾದ್ರೆ... ಕ್ರೇನು?"

ಹ್ಯಾಗರ್ಟಿ ತನ್ನ ಬೂಟು ನೋಡಿಕೊಂಡ.

"ಏನು ಕ್ರೇನು?" ವಿಟ್ಲಾಕ್ ನಿಜವಾಗಿಯೂ ನಕ್ಕ. ಕೆಟ್ಟ ನಗು ಅಲ್ಲ, ಮಕ್ಕಳ ಮಾತಿಗೆ ನಗುವ ಹಾಗೆ. "ಈ ಕೋಳಿಗೂಡುಗಳಿಗೆ ಕ್ರೇನಾ? ಯಾರಪ್ಪ ಹೇಳಿದ್ದು? ಅಂಥದ್ದೇನೂ ಇಲ್ಲ ಇಲ್ಲಿಗೆ ಕಳಿಸೋಕೆ."

"ಹೊಸ ಊರಲ್ ಕೆಲ್ಸನಾದ್ರೂ..."

"ಅಲ್ಲಿ ಹಳಿ ನೋಡ್ಕೊಳೋಕೆ ಯಂತ್ರ ಬಂದಿದೆ. ಅದಕ್ಕೆ ಹೆಂಡತಿ ಮಕ್ಕಳಿಲ್ಲ, ನೋಡು. ನಿಮ್ಮ ಹ್ಯಾಗರ್ಟಿ ಒಬ್ಬರು ಸಾಕು, ಇಡೀ ವಿಭಾಗಕ್ಕೆ ಅವರನ್ನೇ ಹಾಕಿದೀನಿ. ಇವತ್ತು ತೊಟ್ಟಿ ಹತ್ತಿರದ ಹಳೀನೂ ಕಿತ್ತು ಮುಗಿಸಿ, ಅಲ್ಲಿಗೆ ನಿಮ್ಮ ಲೆಕ್ಕ ಚುಕ್ತಾ." ಇಳಿಯುವಾಗ ಹೂಗಿಡದ ಡಬ್ಬ ಕಾಲಿಗೆ ಸಿಕ್ಕಿತು. ಒದ್ದು ಸರಿಸಿದ. "ಬನ್ನಿ ಹ್ಯಾಗರ್ಟಿ. ಊಟ ತಣ್ಣಗಾಗುತ್ತೆ. ಇವತ್ತು ನೀವೂ ಒಳಗೇ ಕೂತ್ಕೊಳ್ಳಿ."

ಹ್ಯಾಗರ್ಟಿ ಅವನ ಹಿಂದೆ ಹೋದ. ಸಲೂನಿನ ಮೆಟ್ಟಿಲ ಬಳಿ ನಿಂತು, ಬೂಟಿನ ಮಣ್ಣನ್ನು ಚೆನ್ನಾಗಿ ಒರೆಸಿಕೊಂಡು ಒಳಗೆ ಕಾಲಿಟ್ಟ. ದೊಮಿತಿಲಾಳ ಕಣ್ಣಿಗೆ ಅದು ಬಿತ್ತು. ಅವಳ ಮನೆಗೆ ಅವನು ಒಂದು ಸಲವೂ ಒರೆಸಿಕೊಂಡು ಬಂದವನಲ್ಲ.

ನಿಕಾನೋರ್ ಮೆಟ್ಟಿಲ ಮೇಲೆ ಕೂತುಬಿಟ್ಟ. "ಪೆಟ್ಗೆ ಹೊತ್ತಿದ್ನಲ್ಲೇ ಅವ್ನು," ಎಂದ. "ನಮ್ ಕೂಸಿನ್ ಪೆಟ್ಗೆ ಹೊತ್ತಿದ್ನಲ್ಲೇ."

"ಹೊತ್ತಿದ್ದ. ಈಗ ನಮ್ದೆಲ್ಲಾರ್ದೂ ಹೊರ್ತಾವ್ನೆ, ಹಲ್ಕಾ ನನ್ಮಗ. ಏಳಯ್ಯ ಮ್ಯಾಕೆ." ಅವಳು ಹಿಟ್ಟಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಗೋಡೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡಳು. "ಸಾಹೇಬ್ರು ಏನಂದ್ರು? ತೊಟ್ಟಿ ತಾವಿನ ಹಳಿ ಕೀಳಿ ಅಂದ್ರು ತಾನೆ? ಇವತ್ತೇ ಅಂದ್ರು ತಾನೆ?"

"ಹ್ಞೂಂ. ಸಂಜೆ ಅವ್ರು ಹೊಂಟೋದ್ ಮ್ಯಾಲೆ..."

"ಹೋದ್ ಮ್ಯಾಲೆ ಅಂತ ಅಂದ್ರಾ? ನಂಗ್ ಕೇಳ್ಸ್ಲಿಲ್ಲಪ್ಪ."

ನಿಕಾನೋರ್ ಅವಳನ್ನು ನೋಡಿದ. ಆಮೇಲೆ ಸಲೂನನ್ನು ನೋಡಿದ. ಆಮೇಲೆ ಎದ್ದ.

ಇಡೀ ಗ್ಯಾಂಗು ಹೊರಟಿತು, ಗಂಡಸರು, ಹೆಂಗಸರು, ಸೊಂಟ ಬಿದ್ದ ಮುದುಕರು ಕೂಡ. ಅಡಗಿಕೊಂಡಲ್ಲ, ಉರಿಬಿಸಿಲಲ್ಲಿ, ಸಾಹೇಬನ ಕಿಟಕಿಯ ಮುಂದೆಯೇ. ಎಂದಿನಂತೆ ಕೆಲಸ, ಎಂದಿನಂತೆ ಹಾಡು. ಒಬ್ಬರು ಕೂಗಬೇಕು, ಉಳಿದವರು ಐಸಾ ಎಂದು ಹಾರೆಗೆ ಮೈ ಕೊಡಬೇಕು. ಆ ದಿನ ಕೂಗಿದವಳು ದೊಮಿತಿಲಾ.

"ಸಾಯ್ಬ ಉಣ್ತಾವ್ನೆ!"

"ಐಸಾ!"

"ಕೋಳಿ ತೊಡೆಯ!"

"ಐಸಾ!"

"ಮೇಸ್ತ್ರಿ ನೆಕ್ತಾವ್ನೆ!"

"ಐಸಾ!"

"ಸಾಯ್ಬನ ತಟ್ಟೆಯ!"

"ಐಸಾ!"

ನಾವು ವಿಟ್ಲಾಕನೊಂದಿಗೆ ಆಡುತ್ತಿದ್ದದ್ದು ಅವನ ಇಂಗ್ಲಿಷು, ನಮ್ಮ ಭಾಷೆ ಅವನಿಗೆ ಬಾರದು. ಅವನು ಕಿಟಕಿಯ ಪರದೆ ಸರಿಸಿ, ಗ್ಲಾಸು ಎತ್ತಿ ಹಿಡಿದ. "ನೋಡಿ ಹ್ಯಾಗರ್ಟಿ, ಮನೆ ಸುಡ್ತೀವಿ ಅಂದ್ರೂ ಹಾಡ್ಕೊಂಡು ಕೆಲಸ ಮಾಡ್ತಾರೆ. ಈ ಜನದಲ್ಲಿ ನನಗೆ ಹಿಡಿಸೋದೇ ಇದು."

ಹ್ಯಾಗರ್ಟಿಗೆ ನಮ್ಮ ಭಾಷೆ ಬರುತ್ತಿತ್ತು. ಯಾವ ಮೊಳೆ ಎಲ್ಲಿ ಬಿಟ್ಟುಕೊಂಡರೆ ಎಂಥ ಸದ್ದು ಎಂಬುದೂ ಗೊತ್ತಿತ್ತು. ಸದ್ದು ಮೊದಲು ಸಲೂನಿನ ಮುಂದಿನಿಂದ ಬಂತು, ಆಮೇಲೆ ಹಿಂದಿನಿಂದ. ಕಿಟಕಿ ತೆರೆದೇ ಇತ್ತು. ಹೊರಗಿದ್ದವರೆಲ್ಲ ನೋಡಿದ್ದಾರೆ, ಅವನ ದವಡೆ ಅಗಿಯುವುದನ್ನು ನಿಲ್ಲಿಸಿತು. ಮೂಳೆ ಕೈಯಲ್ಲೇ ಉಳಿಯಿತು. ಆದರೆ ಬಾಯಿ ತೆರೆದು ಒಂದು ಮಾತು ಆಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅಗಿಯತೊಡಗಿದ. ಯಾಕೆ ಎಂದು ನನ್ನನ್ನು ಕೇಳಬೇಡಿ. ಅವನ ಹೊಟ್ಟೆಯೊಳಗೆ ಕೋಳಿಯಲ್ಲದೆ ಇನ್ನೇನಿತ್ತೋ ನಾನು ಕಂಡಿಲ್ಲ.

ಸಂಜೆ ಗಾಡಿ ಬಂತು. ಡ್ರೈವರು ಸಲೂನು ಎಳೆಯಲು ಹಿಮ್ಮುಖ ತಿರುಗಿಸಬೇಕೆಂದು ತಲೆ ಹೊರಗೆ ಹಾಕಿದ, ಹಾಕಿದ ತಲೆಯನ್ನು ತುಂಬ ಹೊತ್ತು ಒಳಗೆ ತೆಗೆದುಕೊಳ್ಳಲಿಲ್ಲ. ಸಲೂನು ತನ್ನ ಉದ್ದದಷ್ಟೇ ಹಳಿಯ ಮೇಲೆ, ಹಿತ್ತಾಳೆ ಕಂಬಿಗಳನ್ನು ಮಿನುಗಿಸುತ್ತ, ಮರುಭೂಮಿಯಲ್ಲಿ ಒಂಟಿಯಾಗಿ ನಿಂತಿತ್ತು. ಮುಂದೆ ಜಲ್ಲಿ, ಹಿಂದೆ ಜಲ್ಲಿ. ಕಿತ್ತ ಹಳಿಗಳನ್ನು ಗ್ಯಾಂಗಿನವರು ಒಪ್ಪವಾಗಿ ಪೇರಿಸಿ ಇಟ್ಟಿದ್ದರು. ಕೆಲಸ ಕೆಲಸವೇ ತಾನೆ.

"ಏಯ್! ಹಳಿ ಹಾಕ್ರೋ!" ವಿಟ್ಲಾಕ್ ಕರವಸ್ತ್ರವನ್ನು ಕತ್ತಿನಲ್ಲೇ ಇಟ್ಟುಕೊಂಡು ಹಿಂಬಾಗಿಲಿಗೆ ಓಡಿ ಬಂದ.

"ನಮ್ ಲೆಕ್ಕ ಚುಕ್ತಾ ಅಂದ್ರಲ್ಲ ಸಾಹೇಬ್ರೆ," ಎಂದಳು ದೊಮಿತಿಲಾ. "ಆ ಯಂತ್ರಕ್ಕೆ ಯೋಳಿ."

ಗಾಡಿಯ ಕಿಟಕಿಗಳ ತುಂಬ ಪ್ರಯಾಣಿಕರ ತಲೆ. ಒಬ್ಬ ನಕ್ಕ. ನಗು ಒಂದು ಬೋಗಿಯಿಂದ ಇನ್ನೊಂದಕ್ಕೆ ದಾಟಿ, ಎಂಜಿನ್ನಿನವರೆಗೆ ಹೋಗಿ, ಅಲ್ಲಿಂದ ವಾಪಸು ಬಂತು. ವಿಟ್ಲಾಕನಿಗೆ ಇಳಿದು ನಡೆದು ಹೋಗಿ ಆ ಗಾಡಿ ಹತ್ತುವುದು ಕಷ್ಟವೇನಿರಲಿಲ್ಲ. ನೂರು ಹೆಜ್ಜೆಯೂ ಇಲ್ಲ. ಆದರೆ ಅಷ್ಟು ಜನರ ಮುಂದೆ ಜಲ್ಲಿಯಲ್ಲಿ ಎಡವಿಕೊಂಡು ಹೋಗಿ ಸಾದಾ ಬೆಂಚಿನಲ್ಲಿ ಕೂರುವುದೇ? ಅವನು ಮುಖ ಕೆಂಪು ಮಾಡಿಕೊಂಡು ಡ್ರೈವರಿಗೆ ಕಿರುಚಿದ:

"ಏನ್ ನೋಡ್ತಿದೀಯ? ಹೋಗಿ ಹೇಳು. ಕ್ರೇನ್ ಕಳಿಸಿ! ಬೆಳಗಾಗೋದ್ರೊಳಗೆ ಕ್ರೇನ್ ಇಲ್ಲಿರಬೇಕು!"

ಗಾಡಿ ಹೋಯಿತು.

"ಹಂಗಾರೆ ಅದೆ," ಎಂದ ನಿಕಾನೋರ್.

"ಯಾವ್ದು?"

"ಕ್ರೇನು."

ಅವನು ನಡೆದು ಹೋಗಿ ತನ್ನ ಮನೆಯ ಗಾಲಿಗೆ ಬೆನ್ನು ಕೊಟ್ಟು ಕೂತ. ದೊ‌ಮಿತಿಲಾ ರೊಟ್ಟಿ ತಂದು ಪಕ್ಕದಲ್ಲಿಟ್ಟಳು. ಅವನು ಮುಟ್ಟಲಿಲ್ಲ. ಕೋಳಿಗಳು ತಿಂದವು.

ಬೆಳಿಗ್ಗೆ ಅದು ಬಂತು. ಉಗಿ ಉಗುಳುತ್ತ, ಆನೆಯಂಥ ಸೊಂಡಿಲು ಚಾಚಿ, ಮುಂದೆ ಗೋಡೆ ಚಾವಣಿ ಇಲ್ಲದ ಒಂದು ಬೋಳು ಬಂಡಿ ಕಟ್ಟಿಕೊಂಡು ದೊಡ್ಡ ಹಳಿಯಲ್ಲಿ ಬಂದು ನಿಂತಿತು. ಬಲಕ್ಕೆ ಸಾಹೇಬನ ಸಲೂನು, ಎಡಕ್ಕೆ ನಮ್ಮ ಡಬ್ಬಿಗಳು. ಜೊತೆಯಲ್ಲಿ ಬಂದೂಕು ಹಿಡಿದ ಶೆರಿಫ್. ಕ್ರೇನಿನ ಗೂಡಿನಲ್ಲಿ ಸ್ತಾವ್ರೋ ಎಂಬ ಗ್ರೀಕ, ಮೀಸೆಗೆಲ್ಲ ಮಸಿ.

ಕ್ರೇನಿನ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಸರಪಳಿ ಬಿಗಿಯುವುದು ನೆಲದ ಮೇಲಿನ ಗ್ಯಾಂಗಿನವರು. ಬಿಗಿದವನು ಕೈ ಸನ್ನೆ ಕೊಡಬೇಕು. ಮೇಲಿನವನು ಆ ಒಂದು ಕೈಯನ್ನು ಬಿಟ್ಟು ಇನ್ನೇನನ್ನೂ ನೋಡುವಂತಿಲ್ಲ, ದೇವರು ಬಂದು ಕೂಗಿದರೂ ಕೇಳುವಂತಿಲ್ಲ. ಬೆರಳು ಮೇಲೆ ತಿರುಗಿಸಿದರೆ ಎತ್ತು. ಕೈ ಕೆಳಗೆ ಬಿಟ್ಟರೆ ಇಳಿಸು. ಮುಷ್ಟಿ ಮೇಲೆತ್ತಿ ಹಿಡಿದರೆ ಇದ್ದಲ್ಲೇ ಇರು. ಹೀಗಲ್ಲದಿದ್ದರೆ ಕೆಳಗಿನವರ ಕೈಕಾಲು ಉಳಿಯುವುದಿಲ್ಲ.

ನಿಕಾನೋರ್ ಯಾರೂ ಕರೆಯದೆ ಎದ್ದು ಹೋಗಿ ಸರಪಳಿ ಹಿಡಿದ. ಗ್ಯಾಂಗಿನವರು ಅವನ ಹಿಂದೆ ಹೋದರು. ಶೆರಿಫ್ ಇನ್ನೂ ಕಾಫಿ ಕುಡಿಯುತ್ತಿದ್ದ. ಕೂಲಿಗಳು ದಾರಿಗೆ ಬಂದರು ಎಂದುಕೊಂಡ. ವಿಟ್ಲಾಕ್ ಸಲೂನಿನೊಳಗೆ ಮುಖಕ್ಕೆಲ್ಲ ಸೋಪು ಬಳಿದುಕೊಂಡು ಗಡ್ಡ ಹೆರೆಯುತ್ತಿದ್ದ. ಕ್ರೇನು ಉಸಿರೆಳೆದುಕೊಂಡ ಸದ್ದು ಕೇಳಿ, ತನ್ನನ್ನೇ ಎತ್ತುತ್ತಿದ್ದಾರೆಂದು ಒಂದು ಕೈಯಲ್ಲಿ ಮೇಜು ಹಿಡಿದುಕೊಂಡ. ಮೇಜು ಅಲುಗಲಿಲ್ಲ. ಕನ್ನಡಿಯಲ್ಲಿ ಅವನ ಕಿವಿಯ ಪಕ್ಕ ಒಂದು ಮನೆ ಹಾರುತ್ತಿತ್ತು. ಪರದೆಯಿದ್ದ ಮನೆ.

ದೊಮಿತಿಲಾಳ ಡಬ್ಬಿ ಗಾಲಿಗಳನ್ನು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಂತೆ ಕೆಳಗೆ ಬಿಟ್ಟು ಮೇಲೆದ್ದಿತ್ತು. ಕೊಳವೆಯಿಂದ ಹೊಗೆ ಬರುತ್ತಿತ್ತು. ದೊಮಿತಿಲಾ ಒಳಗೇ ಇದ್ದಳು. ಒಲೆಯ ಮೇಲೆ ಬೀನ್ಸು ಅರ್ಧ ಬೆಂದಿದೆ, ಹೆಂಗೆ ಬಿಟ್ಟು ಇಳೀಲಿ ಎಂದಿದ್ದಳು.

ಮನೆ ಗಾಳಿಯಲ್ಲೇ ತಿರುಗುತ್ತ ಬೋಳು ಬಂಡಿಯ ನೇರಕ್ಕೆ ಬರುವಷ್ಟರಲ್ಲಿ ವಿಟ್ಲಾಕ್ ಅರ್ಧ ಮುಖದ ಸೋಪಿನಲ್ಲಿ, ಒಳ ಅಂಗಿಯಲ್ಲಿ ಓಡಿ ಬಂದು ಬಂಡಿಯ ಮೇಲೆ ಹತ್ತಿ, ನಡುಮಧ್ಯೆ ಕೈ ಚಾಚಿ ನಿಂತ.

"ಇಲ್ಲಿ ಇಳಿಸ್ಬೇಡ! ಇದು ನನ್ನ ಕ್ರೇನು! ನನ್ನನ್ನ ದಾಟಿ ಇಳಿಸು ನೋಡೋಣ!"

ನಿಕಾನೋರ್ ಮುಷ್ಟಿ ಬಿಗಿದು ಮೇಲೆತ್ತಿದ. ಮನೆ ಅಲ್ಲೇ ನಿಂತಿತು, ಸಾಹೇಬನ ನೆತ್ತಿಯ ಮೇಲೆ, ಮೆಲ್ಲಗೆ ತೂಗುತ್ತ.

"ಸ್ತಾವ್ರೋ! ಆಚೆ ತಿರುಗಿಸೋ!"

ಸ್ತಾವ್ರೋ ಗೂಡಿನಿಂದ ಹೊರಗೆ ಬಗ್ಗಿದ. "ನಂಗೆ ಕೆಳಗ್ನೋನ್ ಕೈ ಒಂದೇ ಕಾಣೋದು ಸಾರ್. ಬಾಯಿ ಕಾಣಾಕಿಲ್ಲ."

ಶೆರಿಫ್ ಕಾಫಿ ಚೆಲ್ಲಿ ಬಂದೂಕನ್ನು ನಿಕಾನೋರನ ಎದೆಗೆ ಗುರಿ ಹಿಡಿದ. ಹಿಡಿದವನು ಮೇಲೆ ನೋಡಿದ. ಹೊಡೆದರೆ ಇವನ ಕೈ ಕೆಳಗೆ ಬೀಳುತ್ತದೆ. ಕೈ ಕೆಳಗೆ ಬಿದ್ದರೆ ಗ್ರೀಕ ಇಳಿಸುತ್ತಾನೆ. ಇಳಿಸಿದರೆ ಕೆಳಗೆ ಸಾಹೇಬ. ಶೆರಿಫನ ತುಟಿಗಳು ಅಲುಗುತ್ತಿದ್ದವು, ಮೊದಲಿನಿಂದ ಮತ್ತೆ ಯೋಚಿಸಿದ, ಅದೇ ಉತ್ತರ ಬಂತು.

"ಸಾರ್, ನೀವು ಪಕ್ಕಕ್ಕೆ ಬಂದ್ಬಿಡಿ," ಎಂದ.

"ಬಂದ್ರೆ ಆ ಕೊಂಪೆನ ಇದರ ಮೇಲೆ ಇಡ್ತಾರೆ! ಬರಲ್ಲ!"

ಮೇಲಿನಿಂದ ದೊಮಿತಿಲಾ ಬಾಗಿಲಿನಿಂದ ತಲೆ ಹೊರಗೆ ಹಾಕಿದಳು, ಕೈಯಲ್ಲಿ ಸೌಟು. "ಏನ್ ಸಾಹೇಬ್ರೆ, ನಮ್ ಮನೆ ನೆಳ್ಳು ತಂಪಾಗದಾ?"

ಸಲೂನಿನ ಮೆಟ್ಟಿಲಿಳಿದು ಹ್ಯಾಗರ್ಟಿ ಬಂದ. ಬಂದು ನಿಕಾನೋರನ ಎದುರು, ಬಂದೂಕಿಗೂ ಅವನಿಗೂ ನಡುವೆ ನಿಂತ. ರಾತ್ರಿ ನಿದ್ದೆ ಇಲ್ಲದ ಕಣ್ಣು. ಎಲ್ಲರಿಗೆ ಕೇಳುವಂತೆ ಅವನು ಆ ಪದ ಹೇಳಿದ್ದು ಅದೇ ಮೊದಲು:

"ಕೊಂಪಾದ್ರೆ, ಮುಷ್ಟಿ ಬಿಡಿಸು. ಮನೆ ಇದ್ದ ತಾವೇ ಇಳ್ಸೋ ಸನ್ನೆ ಕೊಡು. ನಾನ್ ಇವ್ರತ್ರ ಮಾತಾಡ್ತೀನಿ. ನನ್ ಮಾತ್ ನಂಬು."

ನಿಕಾನೋರ್ ಅವನನ್ನು ತಲೆಯಿಂದ ಬೂಟಿನವರೆಗೆ ನೋಡಿದ.

"ಪಕ್ಕಕ್ ಬನ್ನಿ, ಮಿಸ್ಟರ್ ಹ್ಯಾಗರ್ಟಿ," ಎಂದ. "ಗ್ರೀಕನಿಗೆ ನನ್ ಕೈ ಕಾಣಾಕಿಲ್ಲ."

ಹ್ಯಾಗರ್ಟಿಯ ಮುಖ ಕಪಾಳಕ್ಕೆ ಏಟು ಬಿದ್ದವನ ಮುಖದಂತಾಯಿತು. ಪಕ್ಕಕ್ಕೆ ಹೋದ. ಎಷ್ಟು ಪಕ್ಕಕ್ಕೆ ಹೋದನೆಂದರೆ, ಜಲ್ಲಿ ದಾಟಿ, ತೊಟ್ಟಿ ದಾಟಿ, ಬಯಲಿನಲ್ಲಿ ಒಂದು ಚುಕ್ಕಿಯಾಗುವವರೆಗೆ ಹೋಗುತ್ತಲೇ ಇದ್ದ.

ಬಿಸಿಲು ಏರಿತು. ಸರಪಳಿ ಒಂದು ಸಲ ಕಿರ್ರ್ ಎಂದಿತು. ಸಾಹೇಬನ ಮುಖದ ಸೋಪು ಒಣಗಿ ಬಿರುಕು ಬಿಟ್ಟಿತು. ಅವನು ಕದಲಲಿಲ್ಲ. ಶೆರಿಫ್ ಕದಲಲಿಲ್ಲ. ಮನೆ ಹೊಗೆ ಬಿಡುತ್ತ ತೂಗುತ್ತಿತ್ತು. ನಿಕಾನೋರನ ಮುಷ್ಟಿ ಮೇಲೆಯೇ ಇತ್ತು, ಮೊಣಕೈಯಿಂದ ಬೆವರು ಇಳಿಯುತ್ತಿತ್ತು, ಭುಜದ ಹತ್ತಿರ ಒಂದು ನರ ಅದುರಲು ಶುರುವಾಗಿತ್ತು.

ಆಮೇಲೆ ಎನ್ನುತ್ತೀರಾ? ಆಮೇಲೆ ಎನ್ನುವುದು ಆ ತೋಳು ಎಷ್ಟು ಹೊತ್ತು ತಡೆಯುತ್ತದೆ ಎನ್ನುವುದರ ಮೇಲಿದೆ. ಹಿಂದಿನಿಂದ ಯಾರಾದರೂ ಮೊಣಕೈಗೆ ಭುಜ ಕೊಟ್ಟರೆ ತಡೆದೀತು. ಮುಂದುಗಡೆ ಕಾಲ ಮೇಲೆ ಕಾಲು ಹಾಕಿಕೊಂಡು ಕಥೆ ಕೇಳುತ್ತ ಇಷ್ಟು ಹೊತ್ತೂ ತಲೆ ಆಡಿಸಿದಿರಲ್ಲ, ನೀವು ಬರುತ್ತೀರಾ? ಬಿಸಿಲು ಜಾಸ್ತಿ ಅನ್ನುತ್ತೀರಾ? ಇರಲಿ, ಬೇಡ. ಹಾಗಾದರೆ ಸ್ವಲ್ಪ ಎದ್ದು ಆ ಕುರ್ಚಿಯನ್ನಾದರೂ ಈಚೆ ಕೊಡಿ. ಅದರ ಬೆನ್ನು ಎತ್ತರವಾಗಿದೆ, ನಿಕಾನೋರನ ಮೊಣಕೈಗೆ ಸರಿಯಾಗಿ ಆನುತ್ತದೆ.